ರೇಡಿಯೋ ಅಕ್ಕನ ಮನೆ

ಕಡಿಯಾಳಿಯ ನಮ್ಮ ಬಾಡಿಗೆ ಮನೆಯಲ್ಲಿ ಬಾಗಿಲು ಮುಚ್ಚುವ ಕೋಣೆ ಒಂದೇ ಒಂದಿತ್ತು. ಉಳಿದ ಕೋಣೆಗಳ ನಡುವೆ ಹಳೆಯ ಸೀರೆಗಳನ್ನು ಕತ್ತರಿಸಿ ಹೊಲಿದ ಪರದೆಗಳು ತೂಗುತ್ತಿದ್ದವು. ಯಾರು ಎಲ್ಲಿದ್ದಾರೆ, ಯಾರ ಮುಖ ಊದಿಕೊಂಡಿದೆ ಎಂಬುದು ಪರದೆಯ ಅಡಿಯಲ್ಲಿ ಕಾಣುವ ಪಾದಗಳಿಂದಲೇ ತಿಳಿಯುತ್ತಿತ್ತು. ಆ ಒಂದು ಕೋಣೆಗೆ ಮಾತ್ರ ಹಲಸಿನ ಮರದ ಭಾರವಾದ ಬಾಗಿಲಿತ್ತು. ಬಾಗಿಲಿನ ಒಳಮೈಗೆ ಹತ್ತಿಯ ಹಾಸಿಗೆಯೊಂದನ್ನು ಮೊಳೆ ಹೊಡೆದು ಕೂರಿಸಲಾಗಿತ್ತು. ಕಿಟಕಿಗೆ ತೆಂಗಿನ ನಾರಿನ ಚಾಪೆ, ಗೋಡೆಗಳಿಗೆ ಗೋಣಿತಾಟು, ನೆಲಕ್ಕೆ ಎರಡು ಪದರ ಜಮಖಾನ. ಹೊಸದಾಗಿ ಬಂದವರು ಅದನ್ನು ಪ್ರಾರ್ಥನೆಯ ಕೋಣೆ ಎಂದು ಭಾವಿಸುತ್ತಿದ್ದರು. ನಾವು ಅದನ್ನು ಧ್ವನಿಕೋಣೆ ಎಂದು ಕರೆಯುತ್ತಿದ್ದೆವು. ಪಪ್ಪ ನಮ್ಮ ಸಭೆಯ ಉಪದೇಶಿಗಳಾಗಿದ್ದರು. ಬಾನುಲಿಯ ಮೂಲಕ ಸುವಾರ್ತೆ ಸಾರುವ ಮಿಷನ್ನೊಂದು ಅವರಿಗೆ ಧ್ವನಿಮುದ್ರಣದ ಯಂತ್ರವನ್ನೂ ಒಂದು ಮೈಕನ್ನೂ ಟೇಪು ಸುತ್ತಿದ ಸ್ಪೂಲುಗಳ ಪೆಟ್ಟಿಗೆಯನ್ನೂ ಕೊಟ್ಟಿತ್ತು. ಕಾರ್ಯಕ್ರಮವನ್ನು ಪಪ್ಪ ಬರೆಯುತ್ತಿದ್ದರು, ಅಮ್ಮ ಓದುತ್ತಿದ್ದಳು. ಓದಿದ ಸ್ಪೂಲು ಪಾರ್ಸೆಲ್ಲಾಗಿ ಬೆಂಗಳೂರಿನ ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಅದರ ಪ್ರತಿ ತೆಗೆದು, ಸಮುದ್ರದಾಚೆಯ ಯಾವುದೋ ದ್ವೀಪದ ಪ್ರಸಾರ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಎರಡು ತಿಂಗಳ ಬಳಿಕ ಒಂದು ಗುರುವಾರದ ಸಂಜೆ ಅದು ಶಾರ್ಟ್‌ವೇವ್ ಅಲೆಯ ಮೇಲೆ, ನೆಗಡಿ ಹಿಡಿದ ಹಾಗೆ ಏರಿಳಿಯುತ್ತ, ನಮ್ಮ ಮನೆಗೇ ಹಿಂದಿರುಗುತ್ತಿತ್ತು. ಅಳಿಸಿ ಖಾಲಿ ಮಾಡಿದ ಸ್ಪೂಲೂ ಅಂಚೆಯಲ್ಲಿ ಹಿಂದಿರುಗುತ್ತಿತ್ತು. ಅದರ ಮೇಲೆ ಪಪ್ಪ ಮುಂದಿನ ಕಾರ್ಯಕ್ರಮವನ್ನು ಮುದ್ರಿಸುತ್ತಿದ್ದರು.

ಮುದ್ರಣದ ದಿನ ಶನಿವಾರ. ಆ ದಿನ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿಯುವ ಸದ್ದು ಹಾಸಿಗೆ ಹೊಡೆದ ಬಾಗಿಲನ್ನೂ ದಾಟಿ ಮೈಕಿಗೆ ತಲುಪುತ್ತದೆಂಬುದನ್ನು ಪಪ್ಪ ಪರೀಕ್ಷಿಸಿ ಕಂಡುಕೊಂಡಿದ್ದರು. ಕುಚ್ಚಲಕ್ಕಿಯ ಗಂಜಿ, ಹಿಂದಿನ ದಿನವೇ ಅರೆದಿಟ್ಟ ಹುರುಳಿ ಚಟ್ನಿ, ಉಪ್ಪಿನಕಾಯಿ: ಇಷ್ಟೇ ಊಟ. ತೆಂಗಿನಕಾಯಿ ತುರಿಯುವಂತಿಲ್ಲ, ಬಾವಿಯ ರಾಟೆ ಎಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಅಮ್ಮ ಬಳೆಗಳನ್ನು ಕಳಚಿಟ್ಟು, ಗಂಜಿ ಹಾಕದ ಹಳೆಯ ವಾಯಲ್ ಸೀರೆಯನ್ನು ಉಟ್ಟು ಒಳಗೆ ಹೋಗುತ್ತಿದ್ದಳು. ಗಂಜಿ ಹಾಕಿದ ಸೀರೆ ಉಸಿರಾಡಿದರೂ ಸರಸರ ಎನ್ನುತ್ತದೆ. ಫ್ಯಾನು ಹಾಕುವಂತಿಲ್ಲವಾದ್ದರಿಂದ ಇಬ್ಬರೂ ಹೊರಗೆ ಬರುವಾಗ ಸ್ನಾನ ಮಾಡಿದವರಂತೆ ಒದ್ದೆಯಾಗಿರುತ್ತಿದ್ದರು. ಗೇಟಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತಿತ್ತು. ಕಾಪುವಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಆ ಬಟ್ಟೆಯನ್ನು ಕಂಡರೆ ಕೂಗುತ್ತಿರಲಿಲ್ಲ. ಗೇಟಿನ ಹೊರಗೆ ನಿಂತು ಬಂಗುಡೆಯೊಂದನ್ನು ಬಾಲ ಹಿಡಿದು ಎತ್ತಿ ತೋರಿಸುತ್ತಿದ್ದಳು. ಅಜ್ಜಿ ಜಗಲಿಯಿಂದ ಬೆರಳು ಎತ್ತಿ ಎಷ್ಟು ಬೇಕೆಂದು ಹೇಳುತ್ತಿದ್ದಳು. ಹತ್ತಿರದ ದೇವಸ್ಥಾನದ ಪೂಜೆಯ ವೇಳೆಗಳು ಪಪ್ಪನಿಗೆ ಬಾಯಿಪಾಠವಾಗಿದ್ದವು. ಬೆಳಗಿನ ಗಂಟೆ ನಿಂತ ಮೇಲೆ ಆರಂಭಿಸಿ, ಮಧ್ಯಾಹ್ನದ ಗಂಟೆ ಮೊಳಗುವುದರೊಳಗೆ ಮುಗಿಸಬೇಕು. ವಿಶೇಷ ಪೂಜೆಯಿದ್ದರೆ ಪಕ್ಕದ ಮನೆಯ ಭಟ್ಟರು ಹಿಂದಿನ ದಿನವೇ ಬೇಲಿಯ ಬಳಿ ಬಂದು, ನಾಳೆ ಚಂಡೆ ಉಂಟು ಮಾರಾಯ್ರೆ, ನಿಮ್ಮ ಕೆಲಸ ಇವತ್ತೇ ಮುಗಿಸಿಬಿಡಿ ಎಂದು ಹೇಳಿ ಹೋಗುತ್ತಿದ್ದರು. ಮಣಿಪಾಲದ ಏರು ಹತ್ತುವ ಬಸ್ಸುಗಳಿಗೆ ಮಾತ್ರ ಯಾರೂ ಹೇಳುವಂತಿರಲಿಲ್ಲ. ಹಾರನ್ ಬಿದ್ದರೆ ಪಪ್ಪ ಕೈ ಎತ್ತುತ್ತಿದ್ದರು. ಅಮ್ಮ ವಾಕ್ಯದ ನಡುವೆಯೇ ನಿಂತು, ಬಸ್ಸು ಹೋದ ಬಳಿಕ ಅದೇ ವಾಕ್ಯವನ್ನು ಮೊದಲಿನಿಂದ ಓದುತ್ತಿದ್ದಳು.

ಅಜ್ಜಿ, ಎಂದರೆ ಪಪ್ಪನ ತಾಯಿ, ಈ ವ್ಯವಸ್ಥೆಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಮನೆಯಲ್ಲಿ ನಾವೆಲ್ಲರೂ ಆಡುತ್ತಿದ್ದುದು ತುಳು. ಓದುಗರಿಗೆಂದು ಆ ಮಾತುಗಳನ್ನು ಇಲ್ಲಿ ನಮ್ಮೂರಿನ ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಅಜ್ಜಿಯ ನಾಲಗೆ ಇದಕ್ಕಿಂತ ಹೆಚ್ಚು ಹರಿತವಾಗಿತ್ತು.

“ನಿನ್ನ ದೇವರಿಗೆ ಒಗ್ಗರಣೆಯ ಸದ್ದು ಆಗುವುದಿಲ್ಲವಾ ಸಾಮುವೇಲ? ಬೈಬಲಿನ ಕಾನಾ ಊರಿನ ಮದುವೆಯಲ್ಲಿ ಅವನು ಗಂಜಿ ಉಂಡನಾ?”

ಕೇಳುಗರಲ್ಲಿ ಹೆಚ್ಚಿನವರು ಎಂದೂ ಚರ್ಚಿನ ಮೆಟ್ಟಿಲು ಹತ್ತದವರು, ಅವರ ಕಿವಿಗೆ ನಮ್ಮ ಮನೆಯ ಪಾತ್ರೆಗಳು ಬೀಳಬಾರದು, ಮಾತು ಮಾತ್ರ ಬೀಳಬೇಕು ಎಂದು ಪಪ್ಪ ನನಗೆ ಒಮ್ಮೆ ವಿವರಿಸಿದ್ದರು. ಆ ವಿವರಣೆ ನನಗೆ ಸರಿಯೆಂದೇ ತೋರಿತ್ತು. ನಾನು ಮುಂದೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳಾದಾಗ ಮಾತಿನ ಸುತ್ತ ಇರುವ ಗದ್ದಲವನ್ನು ಮೊದಲು ತೆಗೆದುಹಾಕಿ ಆಮೇಲೆ ಪಾಠ ಆರಂಭಿಸುವುದನ್ನು ಅಭ್ಯಾಸ ಮಾಡಿಕೊಂಡದ್ದು ಆ ಮನೆಯಿಂದಲೇ. ನನ್ನ ತರಗತಿಯಲ್ಲಿ ಬೆಂಚು ಅಲುಗುತ್ತಿರಲಿಲ್ಲ. ಈಗ ಶಾಲೆಯನ್ನು ಬಿಟ್ಟಿದ್ದೇನೆ. ಅಂಥದೇ ಕಾರ್ಯಕ್ರಮಗಳನ್ನು ಈಗಿನವರು ಮೊಬೈಲಿನಲ್ಲಿ ಮಾಡಿ ಮೊಬೈಲಿಗೇ ಕಳುಹಿಸುತ್ತಾರೆ. ಓದುವವರ ಹಿಂದೆ ನಾಯಿ ಬೊಗಳುತ್ತದೆ, ಕುಕ್ಕರು ಕೂಗುತ್ತದೆ, ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಾರೆ. ಯಾರೂ ಅದನ್ನು ಕತ್ತರಿಸುವುದಿಲ್ಲ. ನಾನು ಪೂರ್ತಿ ಕೇಳುತ್ತೇನೆ.

ಅಮ್ಮ ಮನೆಯಲ್ಲಿ ಮಿತಭಾಷಿಣಿ. ಅವಳ ತವರು ಕಾಪುವಿನ ಕಡಲ ದಂಡೆಯಲ್ಲಿತ್ತು. ಅಲ್ಲಿ ಗಾಳಿಗೂ ಅಲೆಗೂ ಎದುರಾಗಿ ಎಲ್ಲರೂ ಕೂಗಿಯೇ ಮಾತನಾಡುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಅವಳು ಸ್ವರವನ್ನು ಇಳಿಸಿಕೊಂಡಳಂತೆ. ಏಳು, ಉಣ್ಣು, ಒರೆಸು, ಸಾಕು ಎಂಬಂಥ ಮಾತುಗಳಲ್ಲಿ ಅವಳ ದಿನ ಮುಗಿಯುತ್ತಿತ್ತು. ಆದರೆ ಗುರುವಾರದ ಸಂಜೆ ಪಪ್ಪ ರೇಡಿಯೋದ ಕಿವಿ ತಿರುಗಿಸುತ್ತ ತಿರುಗಿಸುತ್ತ ಆ ನಿಲ್ದಾಣವನ್ನು ಹಿಡಿದಾಗ, ಅದರೊಳಗಿಂದ ಬೇರೊಬ್ಬ ಹೆಂಗಸು ಮಾತನಾಡುತ್ತಿದ್ದಳು. ‘ಪ್ರೀತಿಯ ಅಕ್ಕಂದಿರೇ, ತಂಗಿಯರೇ, ಕೆಲಸ ಎಲ್ಲಿಯವರೆಗೆ ಬಂತು? ಸ್ವಲ್ಪ ಕೂತುಕೊಳ್ಳಿ’ ಎಂದು ಅವಳು ಆರಂಭಿಸುತ್ತಿದ್ದಳು. ಮಕ್ಕಳಿಗೆ ವಾಂತಿಭೇದಿಯಾದರೆ ಉಪ್ಪು ಸಕ್ಕರೆಯ ನೀರು ಕೊಡುವ ಬಗೆ, ಕುಡಿದು ಬರುವ ಗಂಡನೊಡನೆ ಮಾತನಾಡುವ ಬಗೆ, ಅನಂತರ ಬೈಬಲಿನ ಒಂದು ವೇದವಾಕ್ಯ, ಕೊನೆಗೆ ಪ್ರಾರ್ಥನೆ. ಅವಳನ್ನು ಎಲ್ಲರೂ ರೇಡಿಯೋ ಅಕ್ಕ ಎಂದು ಕರೆಯುತ್ತಿದ್ದರು. ಆ ಹೊತ್ತಿಗೆ ಅಮ್ಮ ನಮ್ಮೊಡನೆ ಕೂರುತ್ತಿರಲಿಲ್ಲ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಗುರುವಾರಗಳಂದು ಮನೆಗೆಲಸ ಬೇಗ ಮುಗಿಸಿ ರೇಡಿಯೋದ ಮುಂದೆ ಮೊದಲೇ ಕೂರುತ್ತಿದ್ದೆ. ಕೆಲಸ ಎಲ್ಲಿಯವರೆಗೆ ಬಂತು ಎಂದು ಅವಳು ಕೇಳುವಾಗ, ಮುಗಿಯಿತು ಎಂದು ಮನಸ್ಸಿನಲ್ಲಿ ಹೇಳುತ್ತಿದ್ದೆ.

ನನ್ನ ತಂಗಿ ಎಸ್ತೇರ್ ನನಗಿಂತ ತುಂಬ ಚಿಕ್ಕವಳು. ನಾನು ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಬಿಡಿಸುತ್ತಿದ್ದಾಗ ಅವಳಿನ್ನೂ ಬಾಲವಾಡಿಗೆ ಸೇರಿರಲಿಲ್ಲ. ಅವಳನ್ನು ಮನೆಯಲ್ಲಿ ಎಸ್ತಿ ಎಂದು ಕರೆಯುತ್ತಿದ್ದರು. ನಮ್ಮ ಮನೆಯ ನಿಯಮಗಳಲ್ಲಿ ಒಂದೂ ಅವಳಿಗೆ ಹಿಡಿಸಲಿಲ್ಲ. ಸದ್ದು ಮಾಡಬಾರದೆಂದು ಹೇಳಿದರೆ ಅವಳು ತಲೆಯಾಡಿಸುತ್ತಿದ್ದಳು, ತಲೆಯಾಡಿಸುತ್ತಲೇ ಸದ್ದು ಮಾಡುತ್ತಿದ್ದಳು. ಶನಿವಾರಗಳಂದು ಅವಳನ್ನು ಕರೆದುಕೊಂಡು ಮನೆಯಿಂದ ದೂರ ಹೋಗುವುದು ನನ್ನ ಕೆಲಸವಾಗಿತ್ತು. ಬಾವಿಯ ಆಚೆ ಬದಿಯ ಗೇರುಮರದ ಕೆಳಗೆ ನಾವಿಬ್ಬರೂ ಕೂರುತ್ತಿದ್ದೆವು. ಪಪ್ಪ ಬ್ಲೇಡಿನಿಂದ ಕತ್ತರಿಸಿ ಎಸೆದ ಟೇಪಿನ ಕಂದು ಚೂರುಗಳಿಂದ ಅವಳು ಗೊಂಬೆಗೆ ಜಡೆ ಹೆಣೆಯುತ್ತಿದ್ದಳು. ಮಳೆಗಾಲದಲ್ಲಿ ಹೊರಗೆ ಕೂರಿಸಲು ಆಗುತ್ತಿರಲಿಲ್ಲ. ಆಗ ಅಮ್ಮ ಅವಳ ಬಾಯಿಗೆ ಒಂದು ತುಂಡು ಬೆಲ್ಲವಿಟ್ಟು ಧ್ವನಿಕೋಣೆಯ ಮೇಜಿನ ಅಡಿಯಲ್ಲಿ, ತನ್ನ ಕಾಲ ಬಳಿ ಕೂರಿಸಿಕೊಳ್ಳುತ್ತಿದ್ದಳು. ಬೆಲ್ಲ ಕರಗುವವರೆಗೆ ಎಲ್ಲವೂ ಸರಿಯಾಗಿರುತ್ತಿತ್ತು. ಆಮೇಲೆ ಅವಳು ಗುನುಗುತ್ತಿದ್ದಳು, ಕೆಮ್ಮುತ್ತಿದ್ದಳು, ಅಮ್ಮನ ಕಾಲ್ಬೆರಳನ್ನು ಹಿಡಿದು ಅದಕ್ಕೇನೋ ಹೇಳುತ್ತಿದ್ದಳು. ಪಪ್ಪ ಕೈ ಎತ್ತುತ್ತಿದ್ದರು. ಅವಳ ಸದ್ದು ಬಿದ್ದ ಭಾಗವನ್ನು ಬಸ್ಸಿನ ಹಾರನ್ನಿನ ಹಾಗೆಯೇ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸುತ್ತಿದ್ದರು. ಅವರು ಅಂಟಿಸಿದ ಜಾಗ ಕಿವಿಗೆ ತಿಳಿಯುತ್ತಿರಲಿಲ್ಲ. ಆ ಕೆಲಸದಲ್ಲಿ ಅವರಷ್ಟು ಶುದ್ಧವಾದ ಕೈ ಇನ್ನೊಬ್ಬರದಿಲ್ಲವೆಂದು ಬೆಂಗಳೂರಿನವರೂ ಹೇಳುತ್ತಿದ್ದರಂತೆ.

ಒಂದು ವರ್ಷ ಮಳೆಗಾಲದ ಕೊನೆಯಲ್ಲಿ ಎಸ್ತಿಗೆ ಜ್ವರ ಬಂತು. ಮೊದಲು ಕಷಾಯ, ಅನಂತರ ಡಾಕ್ಟರು, ಅನಂತರ ಸೆಳವು ಬಂದು ಮಣಿಪಾಲದ ಆಸ್ಪತ್ರೆ. ಜ್ವರ ಮೆದುಳಿಗೆ ಏರಿದೆಯೆಂದು ಅಲ್ಲಿ ಹೇಳಿದರು. ಅಮ್ಮನೂ ಪಪ್ಪನೂ ಆಸ್ಪತ್ರೆಯಲ್ಲೇ ಉಳಿದರು. ನಾನೂ ಅಜ್ಜಿಯೂ ಮನೆಯಲ್ಲಿ. ಆ ದಿನಗಳಲ್ಲಿ ರೇಡಿಯೋ ಹಾಕುವ ನೆನಪು ಯಾರಿಗೂ ಬರಲಿಲ್ಲ. ಒಂದು ಬೆಳಿಗ್ಗೆ ಸಭಾಪಾಲಕರ ಜೀಪು ಗೇಟಿನ ಮುಂದೆ ನಿಂತಾಗ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟು: ಎಸ್ತಿಯ ಪೆಟ್ಟಿಗೆಯನ್ನು ಜಗಲಿಯಲ್ಲಿ ಇರಿಸಲು ಬೆಂಚು ಸಾಲದೆ ಧ್ವನಿಕೋಣೆಯ ಮೇಜನ್ನು ಹೊರಗೆ ತಂದರು, ಭಟ್ಟರ ಹೆಂಡತಿ ಬೇಲಿಯ ಆಚೆ ನಿಂತು ಅಳುತ್ತಿದ್ದರು, ನನ್ನ ಬಿಳಿಯ ಫ್ರಾಕಿನ ಗುಂಡಿಯೊಂದು ಕಿತ್ತುಹೋಗಿತ್ತು, ಅದಕ್ಕೆ ಪಿನ್ನು ಹಾಕಿಕೊಂಡಿದ್ದೆ. ಅಳು ಬರಲಿಲ್ಲ. ಬರುವುದೆಂದು ಕಾದಿದ್ದೆ, ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟೆ. ಮುಂದಿನ ಶನಿವಾರ ಮುದ್ರಣವಿರಲಿಲ್ಲ. ಗೇಟಿಗೆ ಬಟ್ಟೆ ಕಟ್ಟಿರಲಿಲ್ಲ. ಆದರೂ ಅಜ್ಜಿ ಸಾರಿಗೆ ಒಗ್ಗರಣೆ ಹಾಕಲಿಲ್ಲ. ಹಾಕಬೇಡವೆಂದು ಅವಳಿಗೆ ಹೇಳಿದವರಿರಲಿಲ್ಲ.

ಕೆಲವು ವಾರಗಳ ಬಳಿಕ ಬೆಂಗಳೂರಿನ ಕಚೇರಿಯವರು ಸಂತಾಪ ತಿಳಿಸಿದರು. ಅದರೊಡನೆ, ಮನಸ್ಸಿದ್ದರೆ ಈ ವಿಷಯವಾಗಿ ಒಂದು ಸಾಕ್ಷಿಯನ್ನು ಮುದ್ರಿಸಿ ಕಳುಹಿಸಬಹುದೇ ಎಂದೂ ಕೇಳಿದರು. ಸಾಕ್ಷಿ ಹೇಳುವುದೆಂದರೆ ದೇವರು ನಮ್ಮ ಬಾಳಿನಲ್ಲಿ ಮಾಡಿದ್ದನ್ನು ನಾಲ್ಕು ಜನರ ಮುಂದೆ ನಿಂತು ಹೇಳುವುದು. ನಮ್ಮ ಸಭೆಯಲ್ಲಿ ಕಾಯಿಲೆಯಿಂದ ಎದ್ದವರು ಹೇಳುತ್ತಿದ್ದರು, ಕುಡಿತ ಬಿಟ್ಟವರು ಹೇಳುತ್ತಿದ್ದರು. ಮಗುವನ್ನು ಕಳೆದುಕೊಂಡ ತಾಯಂದಿರು ಎಷ್ಟು ಮಂದಿ ಕೇಳುಗರಲ್ಲಿ ಇದ್ದಾರೋ, ಅವರಿಗೆ ನಿನ್ನ ಮಾತಿನಷ್ಟು ಬೇರೆ ಯಾವುದೂ ಮುಟ್ಟಲಾರದು ಎಂದು ಪಪ್ಪ ಅಮ್ಮನಿಗೆ ಹೇಳಿದರು. ಅವರು ಅದನ್ನು ನಂಬಿಯೇ ಹೇಳಿದರು. ಅವರೇ ಬರೆದರು. ಅಮ್ಮ ಬಳೆ ಕಳಚಿಟ್ಟು ಒಳಗೆ ಹೋದಳು. ಅಂದು ಬಸ್ಸುಗಳೂ ಸುಮ್ಮನಿದ್ದವೆಂದು ಕಾಣುತ್ತದೆ. ಒಮ್ಮೆಯೂ ನಿಲ್ಲಿಸದೆ, ಒಂದಕ್ಷರವೂ ತಪ್ಪದೆ, ಅವಳು ಅದನ್ನು ಓದಿ ಮುಗಿಸಿದಳು. ಪಪ್ಪನಿಗೆ ಕತ್ತರಿಸುವ ಕೆಲಸವೇ ಇರಲಿಲ್ಲ. ಹೊರಗೆ ಬಂದು, ಬಳೆಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತ ಅವಳು ಕೇಳಿದಳು.

“ಎಸ್ತಿಯ ಸ್ವರ ಎಲ್ಲಿಯಾದರೂ ಉಂಟಾ?”

“ಇಲ್ಲ.”

“ಹುಡುಕದೆ ಹೇಳುವುದಾ?”

ಪಪ್ಪ ಹುಡುಕಿದರು. ಬೀರುವಿನ ಹಿಂದೆ, ಜಮಖಾನದ ಅಡಿಯಲ್ಲಿ, ಗೊಂಬೆಯ ಜಡೆಯಲ್ಲಿ, ಕಸದೊಡನೆ ಹೋಗದೆ ಉಳಿದಿದ್ದ ಚೂರುಗಳನ್ನೆಲ್ಲ ಆರಿಸಿ, ಒಂದಕ್ಕೊಂದು ಅಂಟಿಸಿ, ಒಂದು ಮಧ್ಯಾಹ್ನ ಯಂತ್ರಕ್ಕೆ ಏರಿಸಿದರು. ನಾವು ನಾಲ್ವರೂ ಅದರ ಸುತ್ತ ಕುಳಿತೆವು. ಧ್ವನಿಯಂತ್ರ, ಮೈಕು, ಇಷ್ಟೊಂದು ಸ್ಪೂಲುಗಳಿದ್ದ ಮನೆಯಲ್ಲಿ ಒಂದು ಮಗುವಿನ ದನಿ ಸಿಗದೇ ಇರಲಾರದೆಂದು ನಾನು ನಂಬಿದ್ದೆ. ಆದರೆ ಎಲ್ಲಕ್ಕಿಂತ ಎಚ್ಚರಿಕೆಯಿಂದ ತೆಗೆದು ಎಸೆದದ್ದು ಅದನ್ನೇ ಎಂಬುದನ್ನು ಯೋಚಿಸಿರಲಿಲ್ಲ. ಕಾಗೆ ಕೂಗಿತು. ಹಾರನ್ ಬಂತು. ಮುಚ್ಚಳವೊಂದು ಬಿದ್ದು ನೆಲದಲ್ಲಿ ಸುತ್ತಿ ಸುತ್ತಿ ನಿಂತಿತು. ಅದು ತಾನು ಬೀಳಿಸಿದ್ದು ಎಂದು ಅಜ್ಜಿ ಹೇಳಿದಳು. ಟೇಪಿನಲ್ಲಿ ಅಮ್ಮ ಗಂಟಲು ಸರಿಮಾಡಿಕೊಂಡಳು. ಕೊನೆಯ ಚೂರಿನಲ್ಲಿ ಅಮ್ಮನ ದನಿಯಲ್ಲೇ ಒಂದು ‘ಶ್’ ಕೇಳಿಸಿತು. ಅದು ಯಾರಿಗೆ ಹೇಳಿದ್ದೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಎಸ್ತಿ ಉತ್ತರಿಸುವ ಮೊದಲೇ ಚೂರು ಮುಗಿದಿತ್ತು. ಸ್ಪೂಲು ಖಾಲಿ ತಿರುಗತೊಡಗಿದಾಗ ಅಮ್ಮ ಎದ್ದು ಒಳಗೆ ಹೋದಳು.

ಕ್ರಿಸ್ಮಸ್‌ಗೆ ಮೊದಲು ಕಾರ್ಕಳದಲ್ಲಿ ಕೇಳುಗರ ಕೂಟವೊಂದನ್ನು ಏರ್ಪಡಿಸುವ ರೂಢಿಯಿತ್ತು. ಆ ವರ್ಷ ಅದನ್ನು ಬಿಡಬಹುದಿತ್ತು, ಪಪ್ಪ ಬಿಡಲಿಲ್ಲ. ಸಾಕ್ಷಿಯ ಕಾರ್ಯಕ್ರಮ ಇನ್ನೂ ಪ್ರಸಾರವಾಗಿರಲಿಲ್ಲವಾದ್ದರಿಂದ ಅಲ್ಲಿಗೆ ಬಂದವರಲ್ಲಿ ಯಾರಿಗೂ ನಮ್ಮ ಮನೆಯ ಸಂಗತಿ ತಿಳಿದಿರಲಿಲ್ಲ. ಶಾಲೆಯೊಂದರ ಸಭಾಂಗಣ, ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲೂ ಹೆಚ್ಚಿನವರು ಬೀಡಿ ಕಟ್ಟುವವರು, ಹಿಂದೂಗಳು. ರೇಡಿಯೋದಲ್ಲಿ ದೊಡ್ಡದಾಗಿ ಕೇಳಿಸುವ ಅಕ್ಕ ಇಷ್ಟು ಸಣ್ಣ ಆಳೋ ಎಂದು ಅವರು ಅಮ್ಮನ ಎದುರಿಗೇ ಮಾತನಾಡಿಕೊಂಡರು. ಚಹಾದ ಹೊತ್ತಿನಲ್ಲಿ ಕುಕ್ಕುಂದೂರಿನ ಗಿರಿಜಕ್ಕ ಎಂಬವರು ಹತ್ತಿರ ಬಂದರು. ಅವರನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ. ಬೀಡಿ ಕಟ್ಟುವಾಗ ಕೈಗೆ ಕೆಲಸ ಉಂಟು, ಕಿವಿಗೆ ಎಂತ ಉಂಟು ಹೇಳಿ, ಅದಕ್ಕೇ ನಿಮ್ಮನ್ನು ಕೇಳುವುದು ಎಂದು ಅವರು ತಮ್ಮ ಪರಿಚಯ ಹೇಳಿಕೊಂಡರು. ಆಮೇಲೆ ಸುತ್ತ ನೋಡಿದರು.

“ಮಗುವನ್ನು ಕರಕೊಂಡು ಬರಲಿಲ್ವಾ ಅಕ್ಕ?”

ಅಮ್ಮ ನನ್ನನ್ನು ತೋರಿಸಿದಳು.

“ಇವಳಲ್ಲ. ಸಣ್ಣದು. ರೇಡಿಯೋದಲ್ಲಿ ನಗಾಡಿತಲ್ಲ, ಅದು.”

ಅಮ್ಮನ ಕೈಯಲ್ಲಿದ್ದ ಚಹಾದ ಲೋಟವನ್ನು ನಾನು ತೆಗೆದುಕೊಂಡೆ. ಗಿರಿಜಕ್ಕ ಹೇಳುತ್ತಲೇ ಹೋದರು. ಮಳೆ ನಿಲ್ಲುತ್ತಿದ್ದ ಸಮಯವಂತೆ. ಅಕ್ಕನ ಪ್ರಾರ್ಥನೆ ಮುಗಿದು, ದೇವರು ನಿಮ್ಮನ್ನು ಕಾಯಲಿ ಎಂದ ಮೇಲೆ, ಹಾಡು ಬರುವುದಕ್ಕೆ ಮೊದಲು ಒಂದು ಮಗು ನಕ್ಕಿತಂತೆ. ರೇಡಿಯೋ ಅಕ್ಕನ ಮನೆಯಲ್ಲೂ ಮಕ್ಕಳುಂಟು ಎಂದು ಅಕ್ಕಪಕ್ಕದವರಿಗೆಲ್ಲ ತಾವು ಹೇಳಿದರಂತೆ. ಅಮ್ಮ ತಿರುಗಿ, ವೇದಿಕೆಯ ಬಳಿ ಮೈಕಿನ ತಂತಿ ಸುತ್ತುತ್ತಿದ್ದ ಪಪ್ಪನ ಬಳಿಗೆ ನಡೆದಳು. ನಾನು ಹಿಂದೆಯೇ ಹೋದೆ.

“ಎಸ್ತಿ ನಕ್ಕದ್ದನ್ನು ನೀವು ಕತ್ತರಿಸಲಿಲ್ಲವಾ?”

ಪಪ್ಪ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ಅದೊಂದನ್ನು ಬಿಟ್ಟೆ” ಎಂದರು. “ನಿನ್ನ ಮಾತು ಮುಗಿದಿತ್ತು. ಯಾವುದರ ಮೇಲೂ ಬಿದ್ದಿರಲಿಲ್ಲ. ಇರಲಿ ಅಂತ ಕಂಡಿತು.”

“ನಾನು ಕೇಳಿದಾಗ ಇಲ್ಲ ಅಂದಿರಿ.”

“ಇಲ್ಲವಲ್ಲ. ಬೆಂಗಳೂರಿನವರು ಪ್ರಸಾರ ಆದ ಮೇಲೆ ಎಲ್ಲ ಅಳಿಸುತ್ತಾರೆ. ಸ್ಪೂಲು ಖಾಲಿಯಾಗಿ ಬಂತು.”

“ಬಂದದ್ದು ಎಲ್ಲಿ ಉಂಟು?”

ಪಪ್ಪ ತಂತಿಯ ತುದಿಯನ್ನು ಸಿಕ್ಕಿಸಿ, ಮೈಕನ್ನು ಪೆಟ್ಟಿಗೆಯಲ್ಲಿಟ್ಟರು. “ನಿನ್ನ ಸಾಕ್ಷಿ ಅದರ ಮೇಲೆಯೇ ಆದದ್ದು” ಎಂದರು.

ಆ ನಗು ಅಲೆಯ ಮೇಲೆ ಹೋದದ್ದು ನಾವು ರೇಡಿಯೋ ಹಾಕದೆ ಇದ್ದ ವಾರದಲ್ಲಿ, ಎಸ್ತಿ ಮಣಿಪಾಲದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ. ಅದನ್ನು ನಾನು ಆಗಲೇ ಲೆಕ್ಕಹಾಕಿ ತಿಳಿದೆ. ಅಮ್ಮನೂ ತಿಳಿದಿರಬೇಕು. ಅವಳು ಗಿರಿಜಕ್ಕನ ಬಳಿಗೆ ಹಿಂದಿರುಗಿ, ನಿಮ್ಮಲ್ಲಿ ಯಾರಾದರೂ ರೇಡಿಯೋದಲ್ಲಿ ಬಂದದ್ದನ್ನು ಕ್ಯಾಸೆಟ್ಟಿಗೆ ಹಿಡಿದಿಡುವವರಿದ್ದಾರೆಯೇ ಎಂದು ಕೇಳಿದಳು. ಗಿರಿಜಕ್ಕನ ಭಾವ ಮಸ್ಕತ್ತಿನಿಂದ ತಂದ ಟೂ-ಇನ್-ವನ್ ಒಂದು ಮನೆಯಲ್ಲೇ ಇತ್ತು. ಅವರು ರಜೆಯಲ್ಲಿ ಬಂದಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಟಿದ್ದರಂತೆ. ಇರಲೂಬಹುದು, ನೋಡುವ ಬನ್ನಿ ಅಕ್ಕ ಎಂದರು ಗಿರಿಜಕ್ಕ. ಅಮ್ಮ ನನ್ನ ಕೈ ಹಿಡಿದು ಹೊರಟೇಬಿಟ್ಟಳು. ಪಪ್ಪನಿಗೆ ಹೇಳಿ ಹೋಗಲಿಲ್ಲ. ಬಾಗಿಲಲ್ಲಿದ್ದ ಯಾರಿಗೋ, ಸಂಜೆಯ ಬಸ್ಸಿಗೆ ಜೋಡುರಸ್ತೆಯಲ್ಲಿ ನಿಲ್ಲುತ್ತೇವೆಂದು ಹೇಳಿದಳು. ಬಸ್ಸಿನಿಂದ ಇಳಿದು ಗದ್ದೆಯ ಬದುವಿನಲ್ಲಿ ನಡೆಯುವಾಗ, ಮಗು ಈಗ ಇಲ್ಲ ಎಂಬುದನ್ನು ಅಮ್ಮ ಗಿರಿಜಕ್ಕನಿಗೆ ಒಂದೇ ವಾಕ್ಯದಲ್ಲಿ ತಿಳಿಸಿದಳು. ಮುಂದೆ ನಡೆಯುತ್ತಿದ್ದ ಗಿರಿಜಕ್ಕ ನಿಂತರು, ಹಿಂದಿರುಗಿ ನೋಡಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಡೆದರು.

ಹಂಚಿನ ಮನೆ, ಸೆಗಣಿ ಸಾರಿಸಿದ ಜಗಲಿ. ಜಗಲಿಯಲ್ಲಿ ಬೀಡಿಯ ಎಲೆ ತುಂಬಿದ ಗೆರಸಿ, ಕತ್ತರಿ, ನೂಲಿನ ಉಂಡೆ. ತಂಬಾಕಿನ ಘಾಟಿಗೆ ನನಗೆ ಸೀನು ಬಂತು. ಗಿರಿಜಕ್ಕ ಒಳಗಿನಿಂದ ಟೂ-ಇನ್-ವನ್ನನ್ನೂ ಅದರ ಕ್ಯಾಸೆಟ್ಟುಗಳನ್ನೂ ತಂದು ಚಾಪೆಯ ಮೇಲೆ ಇಟ್ಟರು. ಅಮ್ಮ ಒಂದೊಂದನ್ನೇ ಹಾಕಿಸಿ ಕೇಳಿದಳು. ಯಕ್ಷಗಾನದ ಭಾಗವತಿಕೆ, ಸಿನಿಮಾ ಹಾಡು, ಮತ್ತೆ ಯಕ್ಷಗಾನ. ಒಂದರಲ್ಲಿ ಭಾವನವರೇ ತಮ್ಮ ಹೆಸರು ಹೇಳಿ, ಹಲೋ ಹಲೋ ಎಂದು ಪರೀಕ್ಷೆ ಮಾಡಿಕೊಂಡಿದ್ದರು. ಕೊನೆಯ ಕ್ಯಾಸೆಟ್ಟು ಎರಡೂ ಬದಿ ಮುಗಿದಾಗ ಗಿರಿಜಕ್ಕ ಗುಂಡಿ ಒತ್ತಿ ಅದನ್ನು ನಿಲ್ಲಿಸಿದರು. ಅವರ ಕೈ ತಾನಾಗಿ ಎಲೆಯ ಕಡೆಗೆ ಹೋಯಿತು. ಒಂದು ಎಲೆಯನ್ನು ಕತ್ತರಿಸಿ, ಸುರುಳಿ ಸುತ್ತಿ, ಕಟ್ಟದೆ ಕೆಳಗಿಟ್ಟರು.

“ನನ್ನ ಕಿವಿಯಲ್ಲಿ ಉಂಟು ಅಕ್ಕ. ಅದನ್ನು ಹೇಗೆ ತೆಗೆದು ಕೊಡುವುದು ಹೇಳಿ.”

“ನಕ್ಕು ತೋರಿಸಿ” ಎಂದಳು ಅಮ್ಮ.

“ಎಂತ?”

“ಅವಳು ಹೇಗೆ ನಕ್ಕಳೋ ಹಾಗೆ.”

ಗಿರಿಜಕ್ಕ ನನ್ನ ಮುಖ ನೋಡಿದರು. ನಾನು ಕ್ಯಾಸೆಟ್ಟುಗಳನ್ನು ಅವುಗಳ ಡಬ್ಬಿಗಳಲ್ಲಿ ತುಂಬುತ್ತಿದ್ದೆ. ನಾಚಿಕೆಯಿಂದ ಸೆರಗನ್ನು ಬಾಯಿಗೆ ಹಿಡಿದು ಅವರು ನಕ್ಕರು. ಅದು ದೊಡ್ಡವರು ಮಕ್ಕಳನ್ನು ಅಣಕಿಸುವಾಗ ನಗುವ ನಗೆ. ಅಮ್ಮ ತಲೆಯಾಡಿಸಿದಳು.

“ಹಾಗಲ್ಲ. ಸೆರಗು ತೆಗೆಯಿರಿ. ಮೊದಲು ಉಸಿರು ಒಳಗೆ ಹೋಗಬೇಕು. ಬಿಕ್ಕಿದ ಹಾಗೆ ಹೋಗಬೇಕು. ಸ್ವಲ್ಪ ನಿಂತು ಆಮೇಲೆ ನಗು.”

ಹೀಗೆಂದು ಅವಳೇ ಮಾಡಿ ತೋರಿಸಿದಳು. ಉಸಿರು ಒಳಗೆ ಸೇದಿ, ಭುಜಗಳನ್ನು ಕಿವಿಯವರೆಗೆ ಎತ್ತಿ, ಒಂದು ಕ್ಷಣ ಹಾಗೆಯೇ ತಡೆದು, ಬಿಟ್ಟಳು. ಮೇಜಿನ ಅಡಿಯಿಂದ, ಗೇರುಮರದ ಕೆಳಗಿನಿಂದ, ಪರದೆಯ ಹಿಂದಿನಿಂದ ಬರುತ್ತಿದ್ದ ನಗು ಅದೇ. ಅದರಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ. ಅಂಗಳದಲ್ಲಿ ಮೇಯುತ್ತಿದ್ದ ಕೋಳಿಯೊಂದು ತಲೆ ಎತ್ತಿತು. ಅಮ್ಮ ನನ್ನ ಕಡೆ ತಿರುಗಿ, ಹೀಗೆ ಅಲ್ವಾ ಎಂದು ಕೇಳಿದಳು. ಹೌದು ಎಂದೆ. ನನ್ನ ಕೈ ಡಬ್ಬಿಯೊಂದರ ಮುಚ್ಚಳವನ್ನು ಮುಚ್ಚುತ್ತಿತ್ತು. ಅದು ಸರಿಯಾಗಿ ಕೂತಿತು. ಇನ್ನೇನೂ ಆಗಲಿಲ್ಲ ನನಗೆ.

ಗಿರಿಜಕ್ಕ ಮತ್ತೆ ಪ್ರಯತ್ನಿಸಿದರು. ಉಸಿರು ಬೇಗ ಬಿಟ್ಟಿರಿ ಎಂದಳು ಅಮ್ಮ. ಮತ್ತೊಮ್ಮೆ ನಕ್ಕಾಗ, ಅಷ್ಟು ಹೊತ್ತು ತಡೆಯುವುದು ಬೇಡ, ಅವಳಿಗೆ ತಡೆಯಲು ಆಗುತ್ತಿರಲಿಲ್ಲ ಎಂದಳು. ಒಬ್ಬರು ತೋರಿಸುವುದು, ಇನ್ನೊಬ್ಬರು ಮಾಡುವುದು ಹೀಗೆ ನಡೆಯಿತು. ಗದ್ದೆಯ ಬದುವಿನಲ್ಲಿ ಹೋಗುವವರು ಕೇಳಿದ್ದರೆ ಈ ಮನೆಯಲ್ಲಿ ಏನೋ ಸಂತೋಷದ ಸಂಗತಿ ನಡೆದಿದೆಯೆಂದು ತಿಳಿಯುತ್ತಿದ್ದರು. ಗಿರಿಜಕ್ಕನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಅವರು ನಗುವುದನ್ನು ಕಲಿತರು. ಕೊನೆಗೆ ಒಮ್ಮೆ ಅದು ಸರಿಯಾಗಿ ಬಂತು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

“ಈಗ ಆಯಿತು” ಎಂದಳು. “ಇದನ್ನು ಬಿಡಬೇಡಿ.”

“ಬಿಡುವುದಿಲ್ಲ ಅಕ್ಕ.”

ಬೆಲ್ಲ ನೀರು ಕುಡಿದು ನಾವು ಹೊರಟೆವು. ಜೋಡುರಸ್ತೆಯಲ್ಲಿ ನಿಂತ ಬಸ್ಸಿನಲ್ಲಿ ಪಪ್ಪ ಮುಂದಿನ ಸೀಟಿನಲ್ಲಿ, ಮೈಕಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನಮ್ಮನ್ನು ಕಂಡು, ಸಿಕ್ಕಿತಾ ಎಂದು ಕೇಳಿದರು. ಅಮ್ಮ ಇಲ್ಲವೆಂದಳು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತೆವು. ಹಿರಿಯಡ್ಕ ಕಳೆಯಿತು, ಪರ್ಕಳ ಕಳೆಯಿತು. ಅವಳು ನನಗೂ ಕಲಿಸುತ್ತಾಳೆಂದು ನಾನು ಕಾದೆ. ನಾನು ಬೇಗ ಕಲಿಯುವವಳು. ಶಾಲೆಯಲ್ಲಿ ಯಾವುದನ್ನೂ ನನಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಮಣಿಪಾಲದ ದೀಪಗಳು ಹೊತ್ತಿಕೊಂಡಿದ್ದವು. ಆಸ್ಪತ್ರೆಯ ಗೇಟು ಹಿಂದೆ ಸರಿದು, ಬಸ್ಸು ಕಡಿಯಾಳಿಯ ಇಳಿಜಾರಿಗೆ ತಿರುಗಿದಾಗ ನಾನೇ ಕೇಳಿದೆ.

“ಅಮ್ಮ, ನಾನು ಮಾಡಿ ತೋರಿಸಲಾ?”

“ಬೇಡ ಮಗಾ” ಎಂದಳು ಅಮ್ಮ. “ನೀನು ಮನೆಯಲ್ಲೇ ಇರುವವಳಲ್ವಾ? ದಿನಾ ನನ್ನ ಕಿವಿಗೆ ಬೀಳುವುದು ಬೇಡ.”

ನಾನು ಎಳೆದುಕೊಂಡಿದ್ದ ಉಸಿರನ್ನು ಅವಳಿಗೆ ಕೇಳಿಸದಂತೆ ಬಿಟ್ಟೆ.